ಆಲ್-ಮೌಂಟನ್ ಸ್ಕೀ ಆರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಡಿಗೆ ಸ್ಕೀ ಸಾಕಾಯಿತು, ಇನ್ನು ಸ್ವಂತ ಜೊತೆ ಬೇಕು ಅನ್ನುವ ಹಂತಕ್ಕೆ ಬಂದವರು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಕೆಲವು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟ್‌ನಲ್ಲಿ ಪಕ್ಕ ಕೂತವರು ಕೇಳಿದ್ದು, ಕೆಲವು ಪತ್ರದಲ್ಲಿ ಬಂದದ್ದು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಆಳದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋದರೂ ಅರ್ಥವಾಗುತ್ತದೆ.

## ಶುರುವಿನ ಪ್ರಶ್ನೆಗಳು

ಆಲ್-ಮೌಂಟನ್ ಸ್ಕೀ ಅಂದ್ರೆ ನಿಜವಾಗಲೂ ಬೆಟ್ಟದ ಎಲ್ಲ ಕಡೆ ಓಡುತ್ತಾ?

ಓಡುತ್ತದೆ. ಆದರೆ ಎಲ್ಲ ಕಡೆ ಒಂದೇ ಸಮನಾಗಿ ಅಲ್ಲ. ಯಂತ್ರದಿಂದ ಗ್ರೂಮ್ ಮಾಡಿದ, ಅಂದರೆ ಹಿಮವನ್ನು ಸಮ ಮಾಡಿದ ರನ್‌ಗಳಿಗೆಂದೇ (ರನ್ ಅಂದರೆ ಇಳಿಯುವ ದಾರಿ) ಇರುವ ಕಾರ್ವಿಂಗ್ ಸ್ಕೀಗಳ ನಡು, ಅಂದರೆ ಬೂಟಿನ ಕೆಳಗಿನ ಅಗಲ, ಸಾಮಾನ್ಯವಾಗಿ 65ರಿಂದ 78 ಮಿ.ಮೀ. ಇರುತ್ತದೆ. ಆಳವಾದ ಪೌಡರ್‌ಗೆ, ಅಂದರೆ ಹೊಸದಾಗಿ ಬಿದ್ದ ಪುಡಿ ಹಿಮಕ್ಕೆ, ಮಾಡಿದವುಗಳ ನಡು 105 ಮಿ.ಮೀ. ದಾಟುತ್ತದೆ. ಇವೆರಡರ ಮಧ್ಯೆ, ಸುಮಾರು 80ರಿಂದ 100 ಮಿ.ಮೀ. ತನಕ ಇರುವುದೆಲ್ಲ ಆಲ್-ಮೌಂಟನ್.

ಇದರಲ್ಲಿ ಪ್ರತಿಯೊಂದು ಸ್ಕೀಯೂ ಒಂದು ಕಡೆಗೆ ವಾಲಿರುತ್ತದೆ. ಒಂದು ಗಟ್ಟಿ ಹಿಮವನ್ನು ಕಚ್ಚಿ ಹಿಡಿಯುತ್ತದೆ, ಪೌಡರ್‌ನಲ್ಲಿ ಒದ್ದಾಡುತ್ತದೆ. ಇನ್ನೊಂದು ಮೆತ್ತನೆ ಹಿಮದಲ್ಲಿ ತೇಲುತ್ತದೆ, ಐಸ್ ಮೇಲೆ ಜಾರುತ್ತದೆ. ನಿಮಗೆ ಬೇಕಾದ ವಾಲು ಯಾವ ಕಡೆಗೆ ಅನ್ನುವುದೇ ಇಲ್ಲಿ ನಿರ್ಧಾರ ಮಾಡಬೇಕಾದ ವಿಷಯ. ಅದನ್ನು ತಿಳಿಯಲು ಬೆಟ್ಟದ ಅತ್ಯುತ್ತಮ ದಿನವನ್ನಲ್ಲ, ನಿಮ್ಮ ಮಾಮೂಲಿ ದಿನವನ್ನು ನೆನೆಸಿಕೊಳ್ಳಿ.

ನಾನು ಇಂಟರ್‌ಮೀಡಿಯೆಟ್ಟಾ, ಅಡ್ವಾನ್ಸ್ಡಾ? ಹೇಗೆ ಗೊತ್ತಾಗುತ್ತೆ?

ಒಂದು ರನ್ ಇಳಿದು ನಿಂತು, ಹಿಂತಿರುಗಿ ನಿಮ್ಮದೇ ಗುರುತು ನೋಡಿ. ಹಿಮದ ಮೇಲೆ ಎರಡು ತೆಳು ಗೆರೆ ಮೂಡಿದ್ದರೆ ನೀವು ಸ್ಕೀಯನ್ನು ಅಂಚಿನ ಮೇಲೆ ನಿಲ್ಲಿಸಿ ತಿರುಗಿಸಿದ್ದೀರಿ. ಅಗಲವಾಗಿ ಉಜ್ಜಿದ ಗುರುತು ಇದ್ದರೆ ಜಾರಿಸಿ ತಿರುಗಿಸಿದ್ದೀರಿ. ಸಾಧಾರಣ ಇಳಿಜಾರಿನಲ್ಲಿ ಮಾತ್ರ ತೆಳು ಗೆರೆ ಬರುತ್ತಿದ್ದು, ಕಡಿದಾದ ಕಡೆ ಜಾರುತ್ತಿದ್ದರೆ ನೀವು ಇಂಟರ್‌ಮೀಡಿಯೆಟ್. ಕಡಿದಾದ ಕಡೆಯೂ ವೇಗ ನಿಮ್ಮ ಕೈಯಲ್ಲೇ ಇದ್ದು, ಮೊಗಲ್ (ಸಾಲು ಸಾಲು ಹಿಮದ ಗುಡ್ಡೆ), ಮರಗಳ ನಡು, ಒಡೆದ ಹಿಮ ಎಲ್ಲಕ್ಕೂ ತಿರುವಿನ ಅಳತೆ ಬದಲಿಸಿಕೊಂಡು ಇಳಿಯಬಲ್ಲಿರಾದರೆ ಅಡ್ವಾನ್ಸ್ಡ್.

ಇಲ್ಲಿ ನಿಮಗೆ ನೀವೇ ನಿಜ ಹೇಳಿಕೊಳ್ಳಬೇಕು. ಬೆಳಿಗ್ಗೆ ಮೊದಲ ಎರಡು ರನ್ ಹೇಗಿತ್ತು ಅನ್ನುವುದಕ್ಕಿಂತ, ಮಧ್ಯಾಹ್ನ ಮೂರು ಗಂಟೆಗೆ ಕಾಲು ಸೋತಾಗ ಹೇಗೆ ಇಳಿಯುತ್ತೀರಿ ಅನ್ನುವುದನ್ನು ಲೆಕ್ಕಕ್ಕೆ ತಗೊಳ್ಳಿ. ಸ್ಕೀ ಆಗಲೂ ನಿಮ್ಮ ಮಾತು ಕೇಳಬೇಕು.

ದುಡ್ಡು ಒಂದಕ್ಕೇ ಇದೆ. ಮೊದಲು ಬೂಟು ತಗೊಳ್ಳಲಾ, ಸ್ಕೀ ತಗೊಳ್ಳಲಾ?

ಬೂಟು. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ನಿಮ್ಮ ಕಾಲು ಹೇಳಿದ್ದು ಸ್ಕೀಗೆ ತಲುಪುವುದು ಬೂಟಿನ ಮೂಲಕ. ಬೂಟಿನೊಳಗೆ ಹಿಮ್ಮಡಿ ಮೇಲೆದ್ದರೆ ಎಂಥ ಸ್ಕೀ ಕೊಂಡರೂ ಅದು ತಡವಾಗಿ ತಿರುಗುತ್ತದೆ.

ಬಾಡಿಗೆ ಬೂಟು ಹಾಕುವವರು ಬಹುತೇಕ ದೊಡ್ಡ ಸೈಜನ್ನೇ ಹಾಕಿರುತ್ತಾರೆ. ಒಳಗಿನ ಲೈನರ್ ತೆಗೆದು ಬರೀ ಶೆಲ್‌ನಲ್ಲಿ ಕಾಲಿಡಿ. ಬೆರಳುಗಳು ಮುಂದೆ ತಾಗುವಂತೆ ನಿಂತಾಗ ಹಿಮ್ಮಡಿಯ ಹಿಂದೆ ಒಂದರಿಂದ ಎರಡು ಸೆಂ.ಮೀ. ಜಾಗ ಇದ್ದರೆ ಸರಿ. ಲೈನರ್ ಹಾಕಿ ನೆಟ್ಟಗೆ ನಿಂತಾಗ ಬೆರಳು ಮುಂದೆ ಸ್ವಲ್ಪ ತಾಗಬೇಕು, ಮಂಡಿ ಬಗ್ಗಿಸಿದಾಗ ಹಿಂದೆ ಸರಿಯಬೇಕು. ಬೂಟಿನ ಮೇಲೆ 90, 100, 120 ಅಂತ ಬರೆದಿರುವುದು ಫ್ಲೆಕ್ಸ್, ಅಂದರೆ ಮುಂದಕ್ಕೆ ಬಗ್ಗಲು ಅದು ಎಷ್ಟು ಬಿಗಿ ಅನ್ನುವುದು. ಇದಕ್ಕೆ ಎಲ್ಲ ಕಂಪನಿಗೂ ಸಾಮಾನ್ಯವಾದ ಅಳತೆಗೋಲು ಇಲ್ಲ. ಒಬ್ಬರ 100 ಇನ್ನೊಬ್ಬರ 110ರಷ್ಟು ಬಿಗಿ ಇರಬಹುದು. ಚಳಿಯಲ್ಲಿ ಪ್ಲಾಸ್ಟಿಕ್ ಇನ್ನೂ ಗಟ್ಟಿಯಾಗುತ್ತದೆ. ಅಂಗಡಿಯ ಬೆಚ್ಚಗಿನ ಕೋಣೆಯಲ್ಲಿ ಹದವಾಗಿ ಬಗ್ಗಿದ ಬೂಟು ಬೆಟ್ಟದ ಮೇಲೆ ಹಾಗೇ ಬಗ್ಗುವುದಿಲ್ಲ.

ಸ್ಕೀ ಮೇಲೆ 132-96-118, R17 ಅಂತೆಲ್ಲ ಬರೆದಿರುತ್ತೆ. ಏನದು?

ಮೂರು ಅಂಕಿಗಳು ಮಿಲಿಮೀಟರ್‌ನಲ್ಲಿ ಸ್ಕೀಯ ಅಗಲ. ಮೊದಲನೆಯದು ಮೂತಿ, ಮಧ್ಯದ್ದು ನಡು, ಕೊನೆಯದು ಬಾಲ. R17 ಅಂದರೆ ಸ್ಕೀಯ ಪಕ್ಕದ ಒಳಬಾಗು 17 ಮೀಟರ್ ತ್ರಿಜ್ಯದ ವೃತ್ತದ ತುಂಡು. ಇದರ ಜೊತೆ ಸೆಂಟಿಮೀಟರ್‌ನಲ್ಲಿ ಉದ್ದವೂ ಇರುತ್ತದೆ. ಒಂದೇ ಮಾಡೆಲ್‌ನಲ್ಲಿ ಉದ್ದ ಹೆಚ್ಚಾದ ಹಾಗೆ ರೇಡಿಯಸ್ಸೂ ಸಾಮಾನ್ಯವಾಗಿ ಹೆಚ್ಚುತ್ತದೆ. ಸ್ಕೀ ಎಷ್ಟು ಗಟ್ಟಿ, ತಿರುಚಿದರೆ ಎಷ್ಟು ಬಿಗಿ ಅನ್ನುವುದನ್ನು ಯಾರೂ ಮೇಲೆ ಬರೆಯುವುದಿಲ್ಲ. ಕಾಲಿಗೆ ಜಾಸ್ತಿ ಗೊತ್ತಾಗುವುದು ಮಾತ್ರ ಅದೇ.

## ಅಗಲ, ಉದ್ದ, ಆಕಾರ

ನಡು ಎಷ್ಟಿರಬೇಕು? ಒಂದು ನಂಬರ್ ಹೇಳಿಬಿಡಿ.

ನೀವು ಜಾಸ್ತಿ ಇಳಿಯುವ ಹಿಮ ಯಾವುದು ಅಂತ ಹೇಳಿದರೆ ನಂಬರ್ ಹೇಳಬಹುದು.

ಅಮೆರಿಕದ ವರ್ಮಾಂಟ್ ಕಡೆಯಂತೆ ಹಿಮ ಕರಗಿ ಮತ್ತೆ ಹೆಪ್ಪುಗಟ್ಟುವ ಜಾಗ, ಅಥವಾ ಆಲ್ಪ್ಸ್‌ನ ಗ್ರೂಮ್ ಮಾಡಿದ ಉದ್ದನೆಯ ರನ್‌ಗಳಲ್ಲೇ ದಿನದ ಬಹುಪಾಲು ಕಳೆಯುವವರಿಗೆ 80ರಿಂದ 88 ಮಿ.ಮೀ. ಅರ್ಧ ದಿನ ಗ್ರೂಮ್ ಮಾಡಿದ್ದು, ಅರ್ಧ ದಿನ ಪಕ್ಕದ ಒಡೆದ ಹಿಮ ಅನ್ನುವವರಿಗೆ 88ರಿಂದ 96. ಯೂಟಾದಂಥ ಒಣ ಹಿಮ ಆಗಾಗ ಬೀಳುವ ಕಡೆ, ರನ್ ಬಿಟ್ಟು ಹೊರಗೇ ಜಾಸ್ತಿ ತಿರುಗುವವರಿಗೆ 96ರಿಂದ 102. ಜಪಾನಿನ ಹೊಕ್ಕೈಡೊ ಚಳಿಗಾಲದ ನಡುವಿನಲ್ಲಿ ಇದಕ್ಕಿಂತ ಅಗಲದ್ದನ್ನೂ ಕೇಳುತ್ತದೆ. ಅದು ಆಗ ಆಲ್-ಮೌಂಟನ್ ಲೆಕ್ಕದಿಂದ ಆಚೆ ಹೋಗುತ್ತದೆ.

ಒಂದೇ ಸ್ಕೀ ಇಟ್ಟುಕೊಳ್ಳುವ, ಇನ್ನೂ ಅಂಚಿನ ಮೇಲೆ ತಿರುಗುವುದನ್ನು ಕಲಿಯುತ್ತಿರುವ ಇಂಟರ್‌ಮೀಡಿಯೆಟ್ ನೀವಾದರೆ, ನಾನು 84ರಿಂದ 90ರ ಒಳಗೇ ನಿಲ್ಲಿ ಅನ್ನುತ್ತೇನೆ. ಕಿರಿದಾದ ಸ್ಕೀ ಒಂದು ಅಂಚಿನಿಂದ ಇನ್ನೊಂದಕ್ಕೆ ಬೇಗ ಹೊರಳುತ್ತದೆ. ನೀವು ತಪ್ಪು ಮಾಡಿದ್ದನ್ನು ಆ ಕ್ಷಣವೇ ಕಾಲಿಗೆ ಹೇಳುತ್ತದೆ. ಅಗಲದ ಸ್ಕೀ ಮೇಲೆ ಜಾರಿಸಿ ತಿರುಗಿಸುವ ಅಭ್ಯಾಸ ಹಾಗೇ ಉಳಿದುಬಿಡುತ್ತದೆ.

ಸೀಸನ್‌ನಲ್ಲಿ ಎರಡು ದಿನ ಒಳ್ಳೆ ಪೌಡರ್ ಸಿಗುತ್ತೆ. ಅದಕ್ಕೋಸ್ಕರ ಅಗಲದ್ದು ತಗೊಳ್ಳೋದು ಒಳ್ಳೇದಲ್ವಾ?

ಆಸೆ ಅರ್ಥವಾಗುತ್ತದೆ. ಪೌಡರ್ ದಿನ ವರ್ಷವಿಡೀ ನೆನಪಿರುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. 175 ಸೆಂ.ಮೀ. ಉದ್ದದ ಸ್ಕೀಯ ಸರಾಸರಿ ಅಗಲ ಸುಮಾರು 10.5 ಸೆಂ.ಮೀ. ಅಂದುಕೊಳ್ಳೋಣ. ಎಲ್ಲ ಕಡೆ 1 ಸೆಂ.ಮೀ. ಅಗಲ ಮಾಡಿದರೆ ಹಿಮದ ಮೇಲೆ ಒತ್ತುವ ಜಾಗ ಹತ್ತರಲ್ಲಿ ಒಂದು ಪಾಲಿನಷ್ಟು ಹೆಚ್ಚುತ್ತದೆ. ಅಷ್ಟೇ. ಅದೇ ಅಗಲದಲ್ಲಿ ಮೂತಿ ಚೆನ್ನಾಗಿ ಮೇಲೆ ಬಾಗಿದ, ಮೂತಿ ಮೆತ್ತಗಿರುವ ಸ್ಕೀ ತಗೊಂಡರೂ ತೇಲುವುದರಲ್ಲಿ ದೊಡ್ಡ ವ್ಯತ್ಯಾಸ ಸಿಗುತ್ತದೆ.

ಇನ್ನೊಂದು ವಿಷಯ. ಲಿಫ್ಟ್ ಇರುವ ಜಾಗದಲ್ಲಿ ಪೌಡರ್ ದಿನ ಅಂದರೆ ಮುಟ್ಟದ ಹಿಮ ಸಿಗುವುದು ಬೆಳಗಿನ ಕೆಲವೇ ರನ್‌ಗಳಲ್ಲಿ. ಆಮೇಲೆ ಉಳಿದವರೆಲ್ಲ ಇಳಿದು, ಹಿಮ ಗುಡ್ಡೆಗುಡ್ಡೆಯಾಗಿ ಒಡೆದುಹೋಗುತ್ತದೆ. ಆಗ ಬೇಕಾಗುವುದು ಬರೀ ಅಗಲವಲ್ಲ. ಗುಡ್ಡೆಗೆ ಬಡಿದರೂ ಪಕ್ಕಕ್ಕೆ ಹಾರದ ತೂಕ ಮತ್ತು ಗಟ್ಟಿತನ ಬೇಕು. ಆ ಎರಡು ದಿನಕ್ಕೆ ಪೌಡರ್ ಸ್ಕೀಯನ್ನು ಬಾಡಿಗೆಗೆ ತಗೊಳ್ಳಿ. ಉಳಿದ ಎಲ್ಲ ದಿನಗಳಿಗೆ ಹೊಂದುವುದನ್ನು ಕೊಳ್ಳಿ.

ಅಗಲದ ಸ್ಕೀ ಹಾಕಿದ್ರೆ ಸಂಜೆ ಮಂಡಿ ನೋಯುತ್ತೆ. ಸ್ಕೀ ಕಾರಣಾನಾ?

ಕಾರಣ ಆಗಿರಬಹುದು. ಗಟ್ಟಿ ಹಿಮದ ಮೇಲೆ ಸ್ಕೀ ಓರೆಯಾದಾಗ ಹಿಮದ ಒತ್ತಡವೆಲ್ಲ ಒಂದು ಅಂಚಿನ ಮೇಲೆ ಬೀಳುತ್ತದೆ. ಆ ಅಂಚು ಪಾದದ ಮಧ್ಯದಿಂದ ಎಷ್ಟು ದೂರವೋ, ಸ್ಕೀಯನ್ನು ಚಪ್ಪಟೆ ಮಾಡಲು ಹಿಮ ಅಷ್ಟು ಜೋರಾಗಿ ತಿರುಚುತ್ತದೆ. 85 ಮಿ.ಮೀ. ನಡುವಿನ ಸ್ಕೀಯಲ್ಲಿ ಆ ದೂರ ಸುಮಾರು 42 ಮಿ.ಮೀ. 105ರಲ್ಲಿ 52. ಹತ್ತು ಮಿಲಿಮೀಟರ್ ಸಣ್ಣದಾಗಿ ಕಾಣಬಹುದು, ಆದರೆ ತಿರುಚುವ ಬಲ ಕಾಲು ಭಾಗದಷ್ಟು ಜಾಸ್ತಿಯಾಯಿತು. ಅದನ್ನು ತಡೆದು ಹಿಡಿಯುವ ಕೆಲಸ ಕಣಕಾಲು ಮತ್ತು ಮಂಡಿಯದ್ದು, ಅದೂ ದಿನವಿಡೀ.

ಮೆತ್ತನೆ ಹಿಮದಲ್ಲಿ ಈ ತೊಂದರೆ ಕಡಿಮೆ. ಅಲ್ಲಿ ಸ್ಕೀ ಒಳಗೆ ಇಳಿದು, ತಳವೆಲ್ಲ ಭಾರ ಹೊರುತ್ತದೆ. ಮಂಡಿ ಮೊದಲೇ ಸೂಕ್ಷ್ಮವಾಗಿದ್ದರೆ ಮತ್ತು ನಿಮ್ಮದು ಗಟ್ಟಿ ಹಿಮವಾದರೆ 90ರ ಕೆಳಗೇ ಇರಿ. ನೋವು ಹಾಗೇ ಉಳಿದರೆ ವೈದ್ಯರಿಗೆ ತೋರಿಸಿ. ಸ್ಕೀ ಬದಲಿಸುತ್ತಾ ಕಾಲ ಕಳೆಯಬೇಡಿ.

ನನ್ನ ಎತ್ತರ 175 ಸೆಂ.ಮೀ., ತೂಕ 82 ಕೆ.ಜಿ. ಯಾವ ಉದ್ದ?

ಎತ್ತರದಿಂದ ಶುರು ಮಾಡಿ, ತೂಕದಿಂದ ತಿದ್ದಿಕೊಳ್ಳಿ. ಇಂಟರ್‌ಮೀಡಿಯೆಟ್‌ಗೆ ಸ್ಕೀಯ ತುದಿ ಮೂಗಿನಿಂದ ಹಣೆಯ ಮಧ್ಯಕ್ಕೆ ಬರಲಿ. ಅಡ್ವಾನ್ಸ್ಡ್ ಆದವರಿಗೆ ಹಣೆಯಿಂದ ನೆತ್ತಿಯ ತನಕ. ಸ್ಕೀಗೆ ಗೊತ್ತಾಗುವುದು ನಿಮ್ಮ ಎತ್ತರವಲ್ಲ, ತೂಕ ಮತ್ತು ವೇಗ. ನಿಮ್ಮ ತೂಕ ನಿಮ್ಮ ಎತ್ತರಕ್ಕೆ ಸ್ವಲ್ಪ ಜಾಸ್ತಿಯೇ ಇರುವುದರಿಂದ 170–173ರ ಬದಲು 175–178 ನೋಡಿ ಅನ್ನುತ್ತೇನೆ. ಇದೇ ಎತ್ತರದ, 62 ಕೆ.ಜಿ. ತೂಗುವವರಿಗೆ 168–170 ಸಾಕು.

ಮೂತಿ, ಬಾಲ ಎರಡೂ ಚೆನ್ನಾಗಿ ಮೇಲೆ ಬಾಗಿರುವ ಸ್ಕೀ ಗಟ್ಟಿ ಹಿಮದ ಮೇಲೆ ಪೂರ್ತಿ ಉದ್ದಕ್ಕೆ ತಾಗುವುದಿಲ್ಲ. ಅಂಥದ್ದಾದರೆ 4–5 ಸೆಂ.ಮೀ. ಉದ್ದದ್ದು ತಗೊಳ್ಳಬಹುದು. ಮರಗಳ ನಡುವೆ, ಮೊಗಲ್‌ನಲ್ಲೇ ಜಾಸ್ತಿ ಇರುತ್ತೀರಾದರೆ ಅಷ್ಟೇ ಕಡಿಮೆ ಮಾಡಿ. ಕೈ ಮೇಲೆತ್ತಿದಾಗ ಮಣಿಕಟ್ಟು ಮುಟ್ಟುವಷ್ಟು ಉದ್ದ ಇರಬೇಕು ಅಂತ ಹಿರಿಯರು ಹೇಳುವುದನ್ನು ಕೇಳಿರಬಹುದು. ಅದು ನೇರ ಪಕ್ಕಗಳ ಹಳೆಯ ಸ್ಕೀಗಳ ಲೆಕ್ಕ. 1993ರ ಸುಮಾರಿಗೆ ಎಲಾನ್ ಕಂಪನಿಯ ಎಸ್‌ಸಿಎಕ್ಸ್‌ನಂಥ ಒಳಬಾಗಿದ ಸ್ಕೀಗಳು ಬಂದ ಮೇಲೆ ಆ ಲೆಕ್ಕ ಮುಗಿಯಿತು.

ಕ್ಯಾಂಬರ್, ರಾಕರ್ ಅಂತಾರೆ. ನನಗೆ ಯಾವುದು ಬೇಕು?

ಸ್ಕೀಯನ್ನು ಸಮನಾದ ನೆಲದ ಮೇಲಿಟ್ಟು ಪಕ್ಕದಿಂದ ನೋಡಿ. ಮಧ್ಯ ಭಾಗ ಬಿಲ್ಲಿನ ಹಾಗೆ ನೆಲದಿಂದ ಮೇಲೆದ್ದಿದ್ದರೆ ಅದು ಕ್ಯಾಂಬರ್. ನೀವು ಮೇಲೆ ನಿಂತಾಗ ಅದು ಚಪ್ಪಟೆಯಾಗಿ, ನಿಮ್ಮ ಭಾರವನ್ನು ಮೂತಿ ಮತ್ತು ಬಾಲದ ತನಕ ಹಂಚುತ್ತದೆ. ಗಟ್ಟಿ ಹಿಮದಲ್ಲಿ ಹಿಡಿತ, ತಿರುವಿನ ಕೊನೆಯಲ್ಲಿ ಬರುವ ಚಿಮ್ಮು ಎರಡೂ ಇದರಿಂದ. ಮೂತಿ ಅಥವಾ ಬಾಲ ಬೇಗನೇ ನೆಲ ಬಿಟ್ಟು ಮೇಲೆ ಬಾಗಿದ್ದರೆ ಅದು ರಾಕರ್. ಇದರಿಂದ ಸ್ಕೀ ಮೆತ್ತನೆ ಹಿಮದ ಮೇಲೆ ಹತ್ತಿ ಬರುತ್ತದೆ. ತಿರುವು ಶುರು ಮಾಡುವುದು ಸುಲಭವಾಗುತ್ತದೆ.

2002ರಲ್ಲಿ ಬಂದ, ಸ್ಕೀಯರ್ ಶೇನ್ ಮೆಕ್‌ಕಾಂಕಿ ರೂಪಿಸಿದ ವೊಲಾಂಟ್ ಸ್ಪ್ಯಾಚುಲಾ ಪೂರ್ತಿ ಉಲ್ಟಾ ಬಾಗಿದ ಪೌಡರ್ ಸ್ಕೀ. ಅಲ್ಲಿಂದ ಈ ಯೋಚನೆ ಉಳಿದ ಸ್ಕೀಗಳಿಗೂ ಹರಡಿತು. ಇವತ್ತಿನ ಆಲ್-ಮೌಂಟನ್ ಸ್ಕೀಗಳಲ್ಲಿ ಬಹುತೇಕ ಎಲ್ಲವೂ ಮಿಶ್ರಣ: ಮೂತಿಯಲ್ಲಿ ರಾಕರ್, ಕಾಲಡಿ ಕ್ಯಾಂಬರ್, ಬಾಲದಲ್ಲಿ ಸ್ವಲ್ಪ ರಾಕರ್. ನೀವು ನೋಡಬೇಕಾದದ್ದು ಬಾಲವನ್ನು. ಚಪ್ಪಟೆ, ಗಟ್ಟಿ ಬಾಲ ತಿರುವನ್ನು ಕೊನೆಯ ತನಕ ಹಿಡಿದಿಡುತ್ತದೆ, ಜೊತೆಗೆ ನೀವು ಹಿಂದಕ್ಕೆ ವಾಲಿದರೆ ಬಿಡುವುದಿಲ್ಲ. ಮೇಲೆ ಬಾಗಿದ ಬಾಲ ಸುಲಭವಾಗಿ ಜಾರಿ ಬಿಡಿಸಿಕೊಳ್ಳುತ್ತದೆ. ಕಲಿಯುತ್ತಿರುವವರಿಗೆ ಸ್ವಲ್ಪ ಬಾಗಿದ್ದೇ ಒಳ್ಳೆಯದು.

ರೇಡಿಯಸ್ 17 ಮೀಟರ್ ಅಂದ್ರೆ ಅದಕ್ಕಿಂತ ಚಿಕ್ಕ ತಿರುವು ತಗೊಳ್ಳೋಕೆ ಆಗಲ್ವಾ?

ಆಗುತ್ತದೆ. ಸ್ಕೀಯನ್ನು ಓರೆ ಮಾಡಿದಷ್ಟೂ ಅದು ಬಾಗುತ್ತದೆ, ತಿರುವು ಚಿಕ್ಕದಾಗುತ್ತದೆ. ಗಟ್ಟಿ ಹಿಮದ ಮೇಲೆ ಅಂದಾಜು ಲೆಕ್ಕ ಹೀಗೆ: ಬರೆದಿರುವ ರೇಡಿಯಸ್ಸನ್ನು ಓರೆ ಕೋನದ ಕೊಸೈನ್‌ನಿಂದ ಗುಣಿಸಬೇಕು. 17 ಮೀಟರ್ ಸ್ಕೀಯನ್ನು 45 ಡಿಗ್ರಿ ಓರೆ ಮಾಡಿದರೆ ತಿರುವು ಸುಮಾರು 12 ಮೀಟರ್. 60 ಡಿಗ್ರಿಗೆ ಎಂಟೂವರೆ. ಜಾರಿಸಿ ತಿರುಗಿಸಿದರೆ ಇನ್ನೂ ಚಿಕ್ಕದು.

ಹಾಗಾಗಿ ಈ ಸಂಖ್ಯೆಯನ್ನು ಸ್ಕೀ ಯಾವ ತಿರುವಿನಲ್ಲಿ ಖುಷಿಯಾಗಿರುತ್ತದೆ ಅನ್ನುವುದಕ್ಕೆ ಗುರುತಾಗಿ ನೋಡಿ. 14–16 ಇರುವುದು ಚಿಕ್ಕ ತಿರುವು ಕೇಳುತ್ತದೆ, ನೇರ ಓಡಿಸಿದರೆ ಚಡಪಡಿಸುತ್ತದೆ. 18–20 ಇರುವುದು ವೇಗದಲ್ಲಿ ಶಾಂತವಾಗಿರುತ್ತದೆ. ಅಂದಾಜಿಗೆ ಹೇಳುವುದಾದರೆ, ಪುರುಷರ ಜೈಂಟ್ ಸ್ಲಾಲಂ ರೇಸ್ ಸ್ಕೀಗೆ ವಿಶ್ವಕಪ್ ನಿಯಮದಲ್ಲಿ ಕನಿಷ್ಠ 30 ಮೀಟರ್ ಇರಬೇಕು. ಇಂಟರ್‌ಮೀಡಿಯೆಟ್‌ನಿಂದ ಮುಂದೆ ಹೋಗುತ್ತಿರುವವರಿಗೆ 15ರಿಂದ 18 ಹದವಾದ ಜಾಗ.

## ಸ್ಕೀ ಒಳಗೆ ಏನಿದೆ

ಮೆಟಲ್ ಇರೋ ಸ್ಕೀನೇ ಬೇಕು ಅಂತಾರೆ. ಹೌದಾ?

ಇಲ್ಲಿ ಮೆಟಲ್ ಅಂದರೆ ಟೈಟಾನಲ್. ಅಲ್ಯೂಮಿನಿಯಂ ಮಿಶ್ರಲೋಹದ ತೆಳು ಹಾಳೆ. ಮರದ ತಿರುಳಿನ ಮೇಲೆ ಕೆಳಗೆ ಅಂಟಿಸಿರುತ್ತಾರೆ. ಇದರಿಂದ ಸ್ಕೀ ತಿರುಚಲು ಬಿಗಿಯಾಗುತ್ತದೆ, ನಡುಕ ಕಡಿಮೆಯಾಗುತ್ತದೆ. ವೇಗದಲ್ಲಿ, ಒರಟು ಹಿಮದಲ್ಲಿ ಆ ಶಾಂತತೆ ಕಾಲಿಗೆ ಚೆನ್ನಾಗಿ ಗೊತ್ತಾಗುತ್ತದೆ.

ನಾರ್ಡಿಕಾ ಎನ್‌ಫೋರ್ಸರ್, ಬ್ಲಿಜ಼ಾರ್ಡ್ ಬೊನಾಫೈಡ್ ತರಹದವು ಲೋಹದ ಬಲದ ಮೇಲೆ ನಿಂತವು. ಫೋಕ್ಲ್ ಮಂತ್ರಾದಲ್ಲಿ ಎಂ5ನಿಂದ ಈಚೆಗೆ ಪೂರ್ತಿ ಹಾಳೆಯ ಬದಲು ಅಂಚಿನ ಸುತ್ತ ಚೌಕಟ್ಟಿನಂತೆ ಲೋಹ ಹಾಕಿ, ಮಧ್ಯವನ್ನು ಸಡಿಲ ಬಿಟ್ಟಿದ್ದಾರೆ. ಎಲಾನ್ ರಿಪ್‌ಸ್ಟಿಕ್, ಹೆಡ್ ಕೋರ್ ಕಾರ್ಬನ್ ನೆಚ್ಚಿಕೊಂಡ ಹಗುರ ಸ್ಕೀಗಳು.

ನಿಮ್ಮ ತೂಕ 65 ಕೆ.ಜಿ.ಗಿಂತ ಕಡಿಮೆ ಇದ್ದು, ವೇಗವಾಗಿ ಇಳಿಯುವ ಹುಚ್ಚು ಇಲ್ಲದಿದ್ದರೆ ಎರಡು ಪೂರ್ತಿ ಹಾಳೆಯ ಸ್ಕೀ ನಿಮಗೆ ಬಗ್ಗುವುದೇ ಇಲ್ಲ. ಬಗ್ಗದ ಸ್ಕೀ ತಿರುಗುವುದಿಲ್ಲ. ಲೋಹ ಭಾಗಶಃ ಇರುವುದು, ಅಥವಾ ಗಾಜಿನ ನಾರು ಮತ್ತು ಕಾರ್ಬನ್‌ನದು ನೋಡಿ.

ಹಗುರವಾದ ಸ್ಕೀ ಹೊತ್ತುಕೊಂಡು ಹೋಗೋಕೂ ಸುಲಭ. ಅದೇ ಒಳ್ಳೇದಲ್ವಾ?

ಹೊರುವುದು ದಿನಕ್ಕೆ ಹತ್ತು ನಿಮಿಷ. ಇಳಿಯುವುದು ಗಂಟೆಗಟ್ಟಲೆ. ಆಲ್-ಮೌಂಟನ್ ಸ್ಕೀ ಒಂದೊಂದು ಸುಮಾರು 1,600ರಿಂದ 2,200 ಗ್ರಾಂ ಇರುತ್ತದೆ. ಹಗುರದ್ದು ಮರಗಳ ನಡುವೆ ಚುರುಕು, ಕಾಲು ಬೇಗ ಸೋಲುವುದಿಲ್ಲ. ಆದರೆ ಮಧ್ಯಾಹ್ನದ ಒಡೆದ ಹಿಮದಲ್ಲಿ ಪ್ರತಿ ಗುಡ್ಡೆಯೂ ಅದನ್ನು ತಳ್ಳುತ್ತದೆ. ಭಾರದ್ದು ಗುಡ್ಡೆಯನ್ನು ಸೀಳಿ ಹೋಗುತ್ತದೆ. ಲಿಫ್ಟ್ ಹತ್ತಿ ಇಳಿಯುವವರು ಗ್ರಾಂ ಎಣಿಸಬೇಕಿಲ್ಲ. ಮಧ್ಯದ ತೂಕ, 1,800ರಿಂದ 2,000 ಗ್ರಾಂ, ಬಹಳ ಜನಕ್ಕೆ ಹೊಂದುತ್ತದೆ.

ಈಗಲೇ ಎಕ್ಸ್‌ಪರ್ಟ್ ಸ್ಕೀ ತಗೊಂಡು ಅದಕ್ಕೆ ತಕ್ಕ ಹಾಗೆ ಬೆಳೆದ್ರೆ ಆಗಲ್ವಾ?

ಹಾಗೆ ಬೆಳೆಯುವವರು ಕಡಿಮೆ. ತುಂಬ ಗಟ್ಟಿ ಸ್ಕೀ ಬಗ್ಗಲು ವೇಗ ಬೇಕು. ವೇಗ ಇಲ್ಲದೆ ಬಗ್ಗಿಸಲು ಹೋದರೆ ಅದು ನಿಮ್ಮನ್ನು ಹಿಂದಕ್ಕೆ ಕೂರಿಸುತ್ತದೆ. ಹಿಂದೆ ಕೂತು ಇಳಿಯುವ ಅಭ್ಯಾಸ ಒಮ್ಮೆ ಅಂಟಿಕೊಂಡರೆ ಬಿಡಿಸುವುದು ಕಷ್ಟ. ಈಗಿನ ಮಟ್ಟಕ್ಕಿಂತ ಅರ್ಧ ಹೆಜ್ಜೆ ಮುಂದಿನದು ತಗೊಳ್ಳಿ, ಎರಡು ಹೆಜ್ಜೆ ಬೇಡ. ಉಳಿದ ದುಡ್ಡಿನಲ್ಲಿ ಒಳ್ಳೆಯ ತರಬೇತುದಾರರ ಹತ್ತಿರ ಎರಡು ಪಾಠ ಹೇಳಿಸಿಕೊಳ್ಳಿ. ಯಾವ ಸ್ಕೀಯೂ ಕೊಡದ್ದನ್ನು ಅದು ಕೊಡುತ್ತದೆ.

ಹೆಂಗಸರ ಸ್ಕೀ ಅಂತ ಬೇರೆ ಇರುತ್ತಲ್ಲ, ಬರೀ ಬಣ್ಣದ ವ್ಯತ್ಯಾಸಾನಾ?

ಕೆಲವು ಸಲ ಬಣ್ಣ ಮತ್ತು ಉದ್ದದ ವ್ಯತ್ಯಾಸ ಮಾತ್ರ. ಕೆಲವು ಸಲ ಒಳಗಿನ ಪದರಗಳೂ ಹಗುರ, ಮೆತ್ತಗೆ, ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿದಿಡುವ ಭಾಗ) ಕೂರಿಸುವ ಗುರುತು ಸ್ವಲ್ಪ ಮುಂದೆ. ನಾರ್ಡಿಕಾದ ಎನ್‌ಫೋರ್ಸರ್‌ಗೆ ಸಾಂಟಾ ಆನಾ, ಫೋಕ್ಲ್‌ನ ಮಂತ್ರಾಗೆ ಸೀಕ್ರೆಟ್ ಹೀಗೆ ಜೋಡಿಗಳಿವೆ. ನಿಮ್ಮ ಉದ್ದ ಯಾವ ಸಾಲಿನಲ್ಲಿ ಸಿಗುತ್ತದೋ ಅದು ನಿಮ್ಮದು. ಎತ್ತರದ, ಜೋರಾಗಿ ಇಳಿಯುವ ಹೆಣ್ಣುಮಗಳು ಎನ್‌ಫೋರ್ಸರ್ ತಗೊಳ್ಳಲಿ. 60 ಕೆ.ಜಿ.ಯ ಗಂಡಸು ಸಾಂಟಾ ಆನಾ ತಗೊಂಡರೆ ಖುಷಿಯಾಗಿ ಇಳಿಯಬಹುದು.

ಬೈಂಡಿಂಗ್ ಯಾವುದಾದರೂ ನಡೆಯುತ್ತಾ?

ಇಲ್ಲ. ಬಿದ್ದಾಗ ಕಾಲು ಮುರಿಯದ ಹಾಗೆ ಬಿಡಿಸಿಕೊಳ್ಳುವುದು ಇದೇ ಭಾಗ. ಮೂರು ವಿಷಯ ನೋಡಿ. ಒಂದು, ಬೂಟಿನ ಅಡಿ. ಅಂತಾರಾಷ್ಟ್ರೀಯ ಮಾನದಂಡದಲ್ಲಿ ಹಳೆಯ ಚಪ್ಪಟೆ ಆಲ್ಪೈನ್ ಅಡಿ ಐಎಸ್‌ಒ 5355, ನಡೆಯಲು ಸುಲಭವಾದ ಗ್ರಿಪ್‌ವಾಕ್ ಅಡಿ ಐಎಸ್‌ಒ 23223. ಗ್ರಿಪ್‌ವಾಕ್ ಬೂಟಿಗೆ ಅದನ್ನು ಒಪ್ಪುವ ಬೈಂಡಿಂಗೇ ಬೇಕು. ಹಳೆಯ ಆಲ್ಪೈನ್ ಬೈಂಡಿಂಗ್‌ಗೆ ತುರುಕಬಾರದು. ಎರಡು, ಬ್ರೇಕ್ (ಕಳಚಿದ ಸ್ಕೀ ಜಾರಿ ಹೋಗದಂತೆ ತಡೆಯುವ ಕಡ್ಡಿಗಳು) ಅಗಲ. ಸ್ಕೀಯ ನಡುವಿನಷ್ಟು, ಅಥವಾ 10–15 ಮಿ.ಮೀ. ತನಕ ಜಾಸ್ತಿ. ಅದಕ್ಕಿಂತ ಅಗಲವಾದರೆ ಓರೆಯಾದಾಗ ಹಿಮಕ್ಕೆ ತಾಗುತ್ತದೆ. ಮೂರು, ಬಿಡುಗಡೆ ಸಂಖ್ಯೆ. ಇದನ್ನು ಡಿನ್ ಅನ್ನುತ್ತಾರೆ. ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ಇಳಿಯುವ ರೀತಿ ಇವುಗಳಿಂದ ಐಎಸ್‌ಒ 11088ರ ಪಟ್ಟಿ ನೋಡಿ ಇಡುತ್ತಾರೆ. ವಯಸ್ಸು 50 ಆದರೆ ಒಂದು ಮೆಟ್ಟಿಲು ಕೆಳಗೆ. ನಿಮ್ಮ ಸಂಖ್ಯೆ ಬೈಂಡಿಂಗ್‌ನ ಅಳತೆಯ ಮಧ್ಯದಲ್ಲಿ ಬೀಳುವಂಥದ್ದು ಆರಿಸಿ. ಉದಾಹರಣೆಗೆ ನಿಮ್ಮದು 7 ಆದರೆ 4ರಿಂದ 13ರದು ಸರಿ.

ಇದನ್ನು ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಮಾಡಬೇಡಿ. ಕಲಿತ ತಂತ್ರಜ್ಞರಿಂದ ಕೂರಿಸಿ, ಯಂತ್ರದಲ್ಲಿ ಪರೀಕ್ಷೆ ಮಾಡಿಸಿ. ನಿಮ್ಮ ಮಟ್ಟ ಕೇಳಿದಾಗ ಜಾಸ್ತಿ ಮಾಡಿ ಹೇಳಬೇಡಿ. ಸುಳ್ಳು ಹೇಳಿದರೆ ಬಿಡಬೇಕಾದ ಹೊತ್ತಲ್ಲಿ ಬೈಂಡಿಂಗ್ ಬಿಡುವುದಿಲ್ಲ.

## ಇನ್ನೂ ಆಳದ ಪ್ರಶ್ನೆಗಳು

ಐಸ್ ಮೇಲೆ ನನ್ನ ಸ್ಕೀ ಹಿಡಿತಾನೇ ಇಲ್ಲ. ಬದಲಿಸಬೇಕಾ?

ಮೊದಲು ಅಂಚು ನೋಡಿ. ಉಗುರಿನ ಮೇಲ್ಮೈಯನ್ನು ಅಂಚಿನ ಅಡ್ಡಕ್ಕೆ ಮೆಲ್ಲಗೆ ಎಳೆಯಿರಿ. ಸಣ್ಣ ಪುಡಿ ಕೆರೆದು ಬಂದರೆ ಹರಿತ ಇದೆ. ಬರದಿದ್ದರೆ ಸ್ಕೀಯನ್ನು ಬೈಯುವ ಮೊದಲು ಟ್ಯೂನ್ ಮಾಡಿಸಿ.

ಅಂಚಿಗೆ ಎರಡು ಕೋನ ಇರುತ್ತದೆ. ತಳದ ಕಡೆ ಸಾಮಾನ್ಯವಾಗಿ 0.5ರಿಂದ 1 ಡಿಗ್ರಿ, ಪಕ್ಕದ ಕಡೆ 1ರಿಂದ 3. ಆಲ್-ಮೌಂಟನ್‌ಗೆ 1 ಮತ್ತು 2 ಒಳ್ಳೆಯ ಜೋಡಿ. ಗಟ್ಟಿ ಹಿಮವೇ ಜಾಸ್ತಿ ಇದ್ದರೆ ಪಕ್ಕಕ್ಕೆ 3 ಮಾಡಿಸಬಹುದು. ಹಿಡಿತ ಹೆಚ್ಚುತ್ತದೆ, ಆದರೆ ಅಂಚು ಬೇಗ ಮೊಂಡಾಗುತ್ತದೆ. ತಳದ ಕೋನವನ್ನು ಹೆಚ್ಚಿಸುವುದು ಸುಲಭ. ತಗ್ಗಿಸಬೇಕಾದರೆ ಇಡೀ ತಳವನ್ನೇ ಉಜ್ಜಬೇಕು. ಅದಕ್ಕೇ ಅಲ್ಲಿ ಕೈ ಹಾಕುವ ಮುನ್ನ ಯೋಚಿಸಿ. ಕಲ್ಲಿಗೆ ತಾಗಿ ಎದ್ದ ಮುಳ್ಳುಗಳನ್ನು ವಜ್ರದ ಕಲ್ಲಿನಿಂದ ಆವತ್ತು ಸಂಜೆಯೇ ಉಜ್ಜಿ ತೆಗೆದರೆ ಅಂಚು ಬಹಳ ಕಾಲ ಬರುತ್ತದೆ.

ಎಡವಟ್ಟಾಗಿ ಟ್ಯೂನ್ ಮಾಡಿದ ಒಳ್ಳೆಯ ಸ್ಕೀಗಿಂತ ಚೆನ್ನಾಗಿ ಟ್ಯೂನ್ ಮಾಡಿದ ಸಾಧಾರಣ ಸ್ಕೀ ಮೇಲು. ಹರಿತ ಅಂಚಿನ ಮೇಲೂ ಜಾರುತ್ತಿದ್ದರೆ ಆಗ ಅಗಲ, ಗಟ್ಟಿತನದ ಕಡೆ ನೋಡಿ.

ಮೊಗಲ್ ಇಷ್ಟ. ಆಲ್-ಮೌಂಟನ್‌ನಲ್ಲಿ ಯಾವ ಗುಣ ಹುಡುಕಲಿ?

ಬಗ್ಗುವ ಮೂತಿ, ಬಿಡಿಸಿಕೊಳ್ಳುವ ಬಾಲ, 90ರ ಒಳಗಿನ ನಡು. ಎರಡು ಪೂರ್ತಿ ಲೋಹದ ಹಾಳೆ ಬೇಡ. ಗಟ್ಟಿ ಬಾಲದ ಸ್ಕೀ ಪ್ರತಿ ಗುಂಡಿಯಲ್ಲೂ ನಿಮ್ಮನ್ನು ಮುಂದಿನ ಗುಡ್ಡೆಗೆ ಎಸೆಯುತ್ತದೆ. ಮರಗಳ ನಡುವೆಯೂ ಇದೇ ಗುಣ ಬೇಕು. ಅಲ್ಲಿ ಹಿಮ ಮೆತ್ತಗಿರುವುದರಿಂದ ನಡು ಸ್ವಲ್ಪ ಅಗಲ ಇದ್ದರೂ ನಡೆಯುತ್ತದೆ.

ಬೈಂಡಿಂಗನ್ನು ಗುರುತಿಗಿಂತ ಒಂದು ಸೆಂ.ಮೀ. ಮುಂದೆ ಹಾಕಿಸಲಾ?

ಮೊದಲ ಸಲ ಕಂಪನಿಯ ಗುರುತಿನ ಮೇಲೇ ಹಾಕಿಸಿ. ಆ ಆಕಾರವನ್ನು ಮಾಡಿದವರು ಆ ಜಾಗ ಇಟ್ಟುಕೊಂಡೇ ಮಾಡಿರುತ್ತಾರೆ. ಮುಂದೆ ಸರಿಸಿದರೆ ಸ್ಕೀ ಚುರುಕಾಗಿ ತಿರುಗುತ್ತದೆ, ಪೌಡರ್‌ನಲ್ಲಿ ಮೂತಿ ಮುಳುಗುವುದು ಜಾಸ್ತಿ. ಹಿಂದೆ ಸರಿಸಿದರೆ ತೇಲುತ್ತದೆ, ತಿರುವು ಶುರುವಾಗುವುದು ನಿಧಾನ. ಬಾಡಿಗೆ ಸ್ಕೀಯ ಬೈಂಡಿಂಗ್ ಹಳಿಯ ಮೇಲೆ ಸರಿಯುತ್ತದೆ. ಅಂಗಡಿಯವರಿಂದ ಸರಿಸಿಸಿಕೊಂಡು ಎರಡೂ ಜಾಗದಲ್ಲಿ ಇಳಿದು ನೋಡಿ. ತೂತು ಕೊರೆದ ಮೇಲೆ ಮನಸ್ಸು ಬದಲಿಸುವುದು ಕಷ್ಟ.

ಕೊಳ್ಳೋ ಮುಂಚೆ ಡೆಮೋ ತಗೊಂಡೆ. ಎಲ್ಲವೂ ಚೆನ್ನಾಗೇ ಅನಿಸ್ತು! ಹೇಗೆ ಪರೀಕ್ಷೆ ಮಾಡೋದು?

ಒಳ್ಳೆಯ ಹಿಮದ ದಿನ ಎಲ್ಲವೂ ಚೆನ್ನಾಗೇ ಅನಿಸುತ್ತದೆ. ಅದಕ್ಕೇ ಒಂದೇ ದಿನ, ನಿಮ್ಮದೇ ಬೂಟು ಹಾಕಿ, ಒಂದೇ ರನ್ ಮೇಲೆ ಎರಡು ಮೂರು ಸ್ಕೀ ಹೋಲಿಸಿ. ಮೊದಲ ರನ್ನಿನ ಅನಿಸಿಕೆಯನ್ನು ನಂಬಬೇಡಿ, ಅದು ಹೊಂದಿಕೊಳ್ಳಲು. ಎರಡನೆಯದರಲ್ಲಿ ಒಂದೊಂದಾಗಿ ಮಾಡಿ. ನಿಧಾನವಾಗಿ ಜಾರಿಸಿ ತಿರುಗಿಸಿ: ಬಾಲ ಸಿಕ್ಕಿಹಾಕಿಕೊಳ್ಳುತ್ತದಾ? ಅಂಚಿನ ಮೇಲೆ ದೊಡ್ಡ ತಿರುವು: ಮಧ್ಯದಲ್ಲಿ ಕೈಬಿಡುತ್ತದಾ? ಚಿಕ್ಕ ತಿರುವು ಸಾಲಾಗಿ ಹತ್ತು: ಕಾಲು ಸೋಲುತ್ತದಾ? ಕೊನೆಗೆ ರನ್ ಅಂಚಿನ ಒಡೆದ ಹಿಮಕ್ಕೆ ಹೋಗಿ: ಮೂತಿ ಅತ್ತಿತ್ತ ಬಡಿದಾಡುತ್ತದಾ?

ಒಂದು ಸ್ಕೀ ತೀರಾ ಕೆಟ್ಟದ್ದು ಅನಿಸಿದರೆ ವಾಪಸ್ ಕೊಡುವಾಗ ಅಂಚು ನೋಡಿ. ಮೊಂಡಾಗಿದ್ದರೆ ನಿಮ್ಮ ತೀರ್ಪು ಆ ಸ್ಕೀಯ ಮೇಲೆ ಅಲ್ಲ. ಸಾಧ್ಯವಾದರೆ ಒಂದೇ ಮಾಡೆಲ್‌ನ ಎರಡು ಉದ್ದಗಳನ್ನು ಓಡಿಸಿ. ಮಾಡೆಲ್ ಬದಲಿಸಿದ್ದಕ್ಕಿಂತ ಜಾಸ್ತಿ ವ್ಯತ್ಯಾಸ ಅಲ್ಲೇ ಸಿಗಬಹುದು.

ಹೋದ ವರ್ಷದ ಮಾಡೆಲ್, ಅಥವಾ ಸೆಕೆಂಡ್ ಹ್ಯಾಂಡ್ ತಗೋಬಹುದಾ?

ಹೋದ ವರ್ಷದ್ದು ಕಣ್ಣು ಮುಚ್ಚಿ ತಗೊಳ್ಳಿ. ಬಹಳಷ್ಟು ಮಾಡೆಲ್‌ಗಳು ಎರಡು ಮೂರು ವರ್ಷ ಒಳಗೆ ಹಾಗೇ ಇದ್ದು, ಮೇಲಿನ ಬಣ್ಣ ಮಾತ್ರ ಬದಲಾಗಿರುತ್ತದೆ.

ಬಳಸಿದ್ದಾದರೆ ಕಣ್ಣು ತೆರೆದು ನೋಡಿ. ಉಕ್ಕಿನ ಅಂಚು ತೆಳುವಾಗಿ ಹೋಗಿದೆಯಾ? ಅಂಚಿನ ಪಕ್ಕ ತಳ ಒಡೆದು ಮರ ಕಾಣುತ್ತಿದೆಯಾ? ಪದರ ಬಿಟ್ಟುಕೊಂಡಿದೆಯಾ? ಎರಡೂ ತಳ ಎದುರುಬದುರಾಗಿಟ್ಟು ಹಿಡಿದರೆ ನಡುವಿನ ಸಂದಿಯಲ್ಲಿ ಬೆಳಕು ಎರಡೂ ಪಕ್ಕದಿಂದ ಒಂದೇ ಥರ ಕಾಣಬೇಕು. ಬೈಂಡಿಂಗ್ ತೂತುಗಳನ್ನು ಎಣಿಸಿ. ಎರಡು ಸಲ ಕೊರೆದದ್ದಕ್ಕೆ ನಿಮ್ಮ ಬೂಟಿಗೆ ಹೊಸ ತೂತು ಬೇಕಾದರೆ ಹಳೆಯದರಿಂದ ಸಾಕಷ್ಟು ದೂರ ಸಿಗುತ್ತದಾ ಅಂತ ತಂತ್ರಜ್ಞರನ್ನು ಕೇಳಿ. ಬೈಂಡಿಂಗ್ ಕಂಪನಿಗಳು ತಾವು ಇನ್ನೂ ಹೊಣೆ ಹೊರುವ ಮಾಡೆಲ್‌ಗಳ ಪಟ್ಟಿ ಪ್ರತಿ ವರ್ಷ ಕೊಡುತ್ತವೆ. ಅದರಿಂದ ಹೊರಬಿದ್ದ ಹಳೆಯ ಬೈಂಡಿಂಗನ್ನು ಅಂಗಡಿಯವರು ಮುಟ್ಟುವುದಿಲ್ಲ. ಅಂಥದ್ದಾದರೆ ಹೊಸ ಬೈಂಡಿಂಗ್ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಿ.

ಒಂದೇ ಜೊತೆ ಸಾಕಾ, ಎರಡು ಇಟ್ಟುಕೊಳ್ಳಲಾ?

ಸೀಸನ್ನಿಗೆ ಒಂದೆರಡು ವಾರ ಹೋಗುವವರಿಗೆ ಒಂದೇ ಸಾಕು. ಬೆಟ್ಟದ ಹತ್ತಿರವೇ ಇದ್ದು ಎಲ್ಲ ಹವೆಯಲ್ಲೂ ಇಳಿಯುವವರಾದರೆ ಎರಡರ ಲೆಕ್ಕ ಬೇರೆ. ಆಗ 92 ಮತ್ತು 98 ಅಂತ ಹತ್ತಿರ ಹತ್ತಿರ ತಗೊಳ್ಳಬೇಡಿ. ಒಂದು 78–84, ಇನ್ನೊಂದು 102–108 ಇರಲಿ. ಬೆಳಿಗ್ಗೆ ಕಿಟಕಿ ಹೊರಗೆ ನೋಡಿದಾಗ ಯಾವುದು ಅನ್ನುವ ಗೊಂದಲ ಬರಬಾರದು.

ಇದೇ ಸ್ಕೀಯಲ್ಲಿ ಲಿಫ್ಟ್ ಇಲ್ಲದ ಕಡೆ ಹತ್ತಿ ಹೋಗಬಹುದಾ?

ಹೋಗಬಹುದು. 2018ರಲ್ಲಿ ಬಂದ ಶಿಫ್ಟ್ ತರಹದ ಬೈಂಡಿಂಗ್‌ನಲ್ಲಿ ಹತ್ತುವಾಗ ಬೂಟಿನ ಮುಂಭಾಗವನ್ನು ಪಿನ್ನುಗಳು ಹಿಡಿಯುತ್ತವೆ, ಇಳಿಯುವಾಗ ಅದು ಆಲ್ಪೈನ್ ಬೈಂಡಿಂಗ್ ಆಗುತ್ತದೆ. ಇದಕ್ಕೆ ಪಿನ್ ತೂತಿರುವ ಬೂಟೂ, ಹತ್ತುವಾಗ ಹಿಂದಕ್ಕೆ ಜಾರದ ಹಾಗೆ ಸ್ಕೀ ತಳಕ್ಕೆ ಅಂಟಿಸುವ ಸ್ಕಿನ್ನೂ ಬೇಕು. ಹತ್ತಿ ಹೋಗಲೆಂದೇ ಮಾಡಿದ ಟೂರಿಂಗ್ ಸ್ಕೀ ಒಂದೊಂದು 1,200ರಿಂದ 1,500 ಗ್ರಾಂ ಇರುವಾಗ ನಿಮ್ಮದು 1,900 ಇದ್ದರೆ ಅರ್ಧ ಗಂಟೆ ಹತ್ತುವುದಕ್ಕೆ ಪರವಾಗಿಲ್ಲ, ಇಡೀ ದಿನಕ್ಕೆ ಭಾರ. ಗುರುತು ಹಾಕಿದ ಗಡಿಯ ಹೊರಗೆ ಕಾಲಿಡುವುದಾದರೆ ಬೀಕನ್ (ಹಿಮದಡಿ ಸಿಕ್ಕಿದವರನ್ನು ಪತ್ತೆ ಮಾಡುವ ಸಂಕೇತ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಮೂರೂ ಇರಬೇಕು, ಅವನ್ನು ಬಳಸಲು ಕಲಿತಿರಬೇಕು, ಜೊತೆಗೆ ಅವೇ ಮೂರನ್ನು ಹಿಡಿದ ಇನ್ನೊಬ್ಬರು ಇರಬೇಕು. ಸ್ಕೀ ಕೊಳ್ಳುವ ಮೊದಲು ಹಿಮಕುಸಿತದ ಬಗ್ಗೆ ಒಂದು ತರಬೇತಿ ಮುಗಿಸಿಕೊಳ್ಳಿ.